ತೊಟ್ಟಿಲ ಊಟದ ತಾಟುಗಳು

ಏಳನೆಯ ತರಗತಿಯ ವಿಜ್ಞಾನದ ಪಾಠ ಅರ್ಧಕ್ಕೆ ಬಂದಿತ್ತು. ಒಮ್ಮೆ ಉಂಡು ಎಸೆಯುವ ತಾಟು, ಕಪ್ಪುಗಳು ಮಣ್ಣಿನಲ್ಲಿ ಎಷ್ಟು ಕಾಲ ಕೊಳೆಯದೆ ಬಿದ್ದಿರುತ್ತವೆ ಎಂದು ದಾನೇಶ್ವರಿ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಬಹಳ ವಿನಯದಿಂದಲೇ ಕೇಳಿದಳು.

"ಟೀಚರ್, ಅವನ್ನ ನಿಮ್ಮ ಮನಿಯವರ ಅಂಗಡ್ಯಾಗ ಮಾರ್ತಾರಲ್ರಿ?"

ತರಗತಿಯೆಲ್ಲ ನಕ್ಕಿತು. ದಾನೇಶ್ವರಿಯೂ ನಕ್ಕಳು, ಬೇರೆ ದಾರಿ ಇರಲಿಲ್ಲ. ಆದರೆ ಸಂಜೆ ಬಸ್ಸಿನಲ್ಲಿ ಸಿಂದಗಿಗೆ ಮರಳುವಾಗ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲೇ ಉಳಿದಿತ್ತು.

ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಆಕೆಯ ಗಂಡ ಸುನೀಲಕುಮಾರನ ಅಂಗಡಿ. ಕಾಗದದ ತಾಟು, ಬೆಳ್ಳಿ ಬಣ್ಣದ ಹಾಳೆ ಮೆತ್ತಿದ ತಾಟು, ಚಹದ ಕಪ್ಪು, ನೀರಿನ ಗ್ಲಾಸು, ಎಲ್ಲವೂ ನೂರರ ಕಟ್ಟಿನಲ್ಲಿ ಮಾಡಿನವರೆಗೆ ಏರಿ ನಿಂತಿರುತ್ತಿದ್ದವು. ಊರಿನಲ್ಲಿ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಸುರಿಯ ಕುಬಸ ಎಂಬುದು ಬೀಗರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ದಾನೇಶ್ವರಿಯ ಸಂಬಳ, ಆ ಅಂಗಡಿ, ಮಾವನ ಪಿಂಚಣಿ, ಈ ಮೂರರ ಮೇಲೆ ಮನೆ ಹಸನಾಗಿ ನಡೆದಿತ್ತು.

ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಆಕೆ ವಿಷಯ ತೆಗೆದಳು.

"ನಾಳಿಂದ ನಾ ಸಾಲ್ಯಾಗ ಏನಂತ ಪಾಠ ಹೇಳ್ಲಿ, ನೀವ ಹೇಳ್ರಿ."

ಸುನೀಲ ರೊಟ್ಟಿ ಮುರಿದು ಬದನೆಕಾಯಿ ಪಲ್ಯಕ್ಕೆ ಅದ್ದಿದ. "ಹೌದು, ಮಾರ್ತಾರ ಅಂತ ಹೇಳು. ಅಂಗಡಿ ಎಲ್ಲೈತಿ ಅನ್ನೂದೂ ಹೇಳು. ನಾಕ ಗಿರಾಕಿ ಬರ್ತಾವ."

"ನಗಸಬ್ಯಾಡ ಅಣ್ಣಾ, ಕೂಸು ಏಳತೈತಿ," ಎಂದಳು ಕಾವೇರಿ. ಆಕೆ ಸುನೀಲನ ತಂಗಿ. ಇಂಡಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಎರಡು ತಿಂಗಳ ಹೆಣ್ಣುಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

ಅತ್ತೆ ಸೀತವ್ವ ಒಲೆಯ ಮುಂದಿನಿಂದಲೇ ಮಾತು ತಿರುಗಿಸಿದಳು. "ಸಾಲಿದು ಇರಲಿ. ಇಂಡಿಯವರು ಫೋನ್ ಮಾಡಿದ್ರು. ಮೂರನೇ ಐತವಾರ ತೊಟ್ಟಲ ಕಾರ್ಯ ಇಟಗೋರಿ ಅಂದ್ರು. ಅವರ ಕಡಿಂದ ನೂರ ಮಂದಿ, ನಮ್ಮ ಕಡಿಂದ ಎರಡನೂರರ ಮ್ಯಾಲ."

"ತಾಟು, ಗ್ಲಾಸು ಎಲ್ಲಾ ಅಂಗಡೀದ," ಎಂದ ಸುನೀಲ. "ಅದೊಂದು ಚಿಂತಿ ಬಿಡ್ರಿ."

"ಬ್ಯಾಡ," ಎಂದಳು ದಾನೇಶ್ವರಿ. ಮಾತು ಆಕೆ ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಮಂದಿಗಿ ಮಾರೂದು ಮಾರ್ರಿ. ನಮ್ಮ ಮನಿ ಕಾರ್ಯಾದಾಗರ ಬ್ಯಾಡ. ಹಿಂದಿನ ಪ್ಲಾಟ್ ನೋಡೀರಿಲ್ಲ?"

ಹಿತ್ತಲಾಚೆಯ ಖಾಲಿ ಪ್ಲಾಟನ್ನು ಎಲ್ಲರೂ ನೋಡಿದ್ದರು. ಓಣಿಯಲ್ಲಿ ಯಾವ ಕಾರ್ಯವಾದರೂ ಎಂಜಲು ತಾಟುಗಳು ಅಲ್ಲಿಗೇ ಬಂದು ಬೀಳುತ್ತಿದ್ದವು. ಆಕಳುಗಳು ಹೋಳಿಗೆಯ ಜೊತೆ ತಾಟನ್ನೂ ಮೆಲ್ಲುತ್ತಿದ್ದವು. ಉಳಿದದ್ದಕ್ಕೆ ಯಾರೋ ಬೆಂಕಿ ಹಚ್ಚುತ್ತಿದ್ದರು. ಹೋದ ವಾರವಷ್ಟೇ ಆ ಹೊಗೆ ಒಳಗೆ ಬಂದು, ಕೂಸು ಕೆಮ್ಮಿ ಕೆಮ್ಮಿ ಕೆಂಪಾಗಿತ್ತು.

"ವೈನಿ ಅನ್ನೂದು ಖರೇ ಐತಿ," ಎಂದಳು ಕಾವೇರಿ ಮೆಲ್ಲಗೆ.

"ಖರೇ ಇರಲಿ," ಸೀತವ್ವ ಚಿಮಟವನ್ನು ಕೆಳಗಿಟ್ಟಳು. "ಮುನ್ನೂರ ತಾಟು ತಿಕ್ಕೋರ ಯಾರು? ಇಕಿ ಸಾಲಿಗಿ ಹೋಗ್ತಾಳ, ನೀ ಬಾಣಂತಿ. ನಾ ಒಬ್ಬಾಕಿ ಬಚ್ಚಲದಾಗ ಕುಂತು ಮುದುಕಿ ಆಗ್ಲೇನು? ನೀರಿಗಿ ಎಲ್ಲಿಗಿ ಹೋಗ್ತಿ? ಬ್ಯಾಸಗಿ ಬರಾಕತ್ತೈತಿ."

ದಾನೇಶ್ವರಿ ಮಾವನ ಕಡೆ ನೋಡಿದಳು. ರಾವಸಾಬ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಮೂವತ್ತು ವರ್ಷ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಒಂದು ಹನಿ ಸುಮ್ಮನೆ ಹರಿದರೆ ಅವನಿಗೆ ತಡೆಯುತ್ತಿರಲಿಲ್ಲ. ಅಂಗಿಯ ಗುಂಡಿ ಕಿತ್ತರೆ ಗುಂಡಿಯನ್ನೂ ಎತ್ತಿಡುತ್ತಿದ್ದ, ದಾರವನ್ನೂ ಎತ್ತಿಡುತ್ತಿದ್ದ. ಅವನು ತನ್ನ ಕಡೆಗೇ ಮಾತಾಡುತ್ತಾನೆಂದು ಆಕೆಗೆ ಖಾತ್ರಿಯಿತ್ತು.

ರಾವಸಾಬ ತಾಟಿನಲ್ಲೇ ಕೈ ತೊಳೆದು ಎದ್ದ. "ಉಂಡು ಒಗಿಯೂ ತಾಟ ಇರ್ಲಿ," ಎಂದು ಹೇಳಿ ಹೊರಗೆ ಹೋದ.

ದಾನೇಶ್ವರಿಗೆ ಸೋಲಿಗಿಂತ ಬೆರಗು ಹೆಚ್ಚಾಯಿತು.

ಆ ವಾರ ಆಕೆಗೆ ಎಲ್ಲದರ ಮೇಲೂ ಬೇಸರ. ದೀಪಾವಳಿಯ ರಜೆಯಲ್ಲಿ ಹಳೆಯ ಸೀರೆಗಳನ್ನು ಹರಿದು, ಮೂವತ್ತು ಕೈಚೀಲ ಹೊಲಿದು, ಓಣಿಯ ಮನೆಮನೆಗೂ ಕೊಟ್ಟುಬಂದಿದ್ದಳು. "ಸಂತಿಗಿ ಇದನ್ನ ಒಯ್ರಿ" ಎಂದರೆ ಎಲ್ಲರೂ "ಹೌದ್ರಿ ಟೀಚರ್, ಛಲೋ ಮಾಡಿದ್ರಿ" ಎಂದು ಎರಡೂ ಕೈಯಿಂದ ತೆಗೆದುಕೊಂಡಿದ್ದರು. ಈಗ ಓಣಿಯಲ್ಲಿ ನಡೆಯುತ್ತ ಆ ಚೀಲಗಳ ಗತಿಯನ್ನು ಕಂಡಳು. ಒಂದು ಮೋಟಾರ್ ಸೈಕಲ್ಲಿನ ಸೀಟಿಗೆ ಹೊದಿಕೆಯಾಗಿತ್ತು. ಒಂದರಲ್ಲಿ ಎಮ್ಮೆಯ ಹಿಂಡಿ ತುಂಬಿ ತೂಗುಹಾಕಿದ್ದರು. ಒಂದಕ್ಕೆ ಹತ್ತಿ ತುಂಬಿ ತಲೆದಿಂಬು ಮಾಡಿದ್ದರು. ಸ್ವಂತ ಮನೆಯಲ್ಲಿ ಎರಡು ಚೀಲ ಬಿಚ್ಚಿ ಸೀತವ್ವ ಕೌದಿಗೆ ಹಚ್ಚಿದ್ದಳು. ಸಂತೆಯಿಂದ ಬರುವವರ ಕೈಯಲ್ಲಿ ಮಾತ್ರ ಮೊದಲಿನಂತೆ ಪ್ಲಾಸ್ಟಿಕ್ ಚೀಲಗಳು ಗಾಳಿಗೆ ಹಾರಾಡುತ್ತಿದ್ದವು.

"ಕೌದಿ ಛಲೋ ಆಗೇತಿ ನೋಡು, ನಿನ್ನ ಹೊಲಿಗಿ ಗಟ್ಟಿ ಐತಿ," ಎಂದು ಸೀತವ್ವ ಹೊಗಳಿದಾಗ ದಾನೇಶ್ವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮಂದಿ ಬದಲಾಗಂಗಿಲ್ಲ ಬಿಡು ಕಾವೇರಿ," ಎಂದಳು ನಾದಿನಿಗೆ. "ನಾವ ಹುಚ್ಚರು."

"ಹಂಗ್ಯಾಕ ಅಂತಿ ವೈನಿ? ಚೀಲ ಒಗದಿಲ್ಲಲ್ಲ, ಬಳಸ್ಯಾರ," ಎಂದು ಕಾವೇರಿ ಕೂಸಿನ ತಲೆಗೆ ಕುಲಾಯಿ ಕಟ್ಟಿದಳು.

ಭಾನುವಾರ ಮುಂಜಾನೆ ರಾವಸಾಬ ಮಾಳಿಗೆಯ ಮೇಲೆ ತೊಗರಿ ಹರವಿಕೊಂಡು ಹರಳು ಆರಿಸುತ್ತಿದ್ದ. ದಾನೇಶ್ವರಿ ಚಹ ತಂದುಕೊಟ್ಟು, ತಾನೂ ಒಂದು ಮೊರ ಹಿಡಿದು ಪಕ್ಕದಲ್ಲಿ ಕೂತಳು.

"ನನ್ನ ಮ್ಯಾಲ ಸಿಟ್ಟ ಬಂದೈತೇನು?" ಎಂದು ರಾವಸಾಬನೇ ಕೇಳಿದ.

"ಸಿಟ್ಟಲ್ರಿ ಮಾವಾ. ತಿಳೀಲಿಲ್ಲ. ನೀವು ಕಡ್ಡಿಪೆಟ್ಟಿಗಿ ಖಾಲಿ ಆದ್ರೂ ಒಗಿಯೋರಲ್ಲ."

ರಾವಸಾಬ ಒಂದು ಹರಳನ್ನು ಎತ್ತಿ ಬಿಸಾಕಿದ. "ನಮ್ಮೂರಾಗ ಒಂದ ಚಾದಂಗಡಿ ಇತ್ತು. ಒಳಗ ಕೂಡೋರಿಗಿ ಒಂದು ಥರದ ಗ್ಲಾಸು. ನಮ್ಮ ಕೇರಿಯವರಿಗಿ ಹೊರಗ, ಗ್ವಾಡಿ ಗೂಡಿನ್ಯಾಗ ಬ್ಯಾರೆ ಗ್ಲಾಸು. ನಾವ ತಗೋಬೇಕು, ನಾವ ತೊಳದು ಡಬ್ಬ ಹಾಕಿ ಬರಬೇಕು. ನಮ್ಮಪ್ಪ ಅದರಾಗ ಕುಡದ, ನಾನೂ ಕುಡದೆ. ಹಂಗ ಇರತೈತಿ ಅಂತ ತಿಳಕೊಂಡಿದ್ದೆ."

ದಾನೇಶ್ವರಿಯ ಕೈ ಮೊರದಲ್ಲಿ ನಿಂತಿತು.

"ನೌಕರಿ ಹತ್ತಿದ ಮ್ಯಾಲ ಒಂದಿನ ಬಾಗೇವಾಡಿ ಬಸ್ ಸ್ಟ್ಯಾಂಡಿನ್ಯಾಗ ಚಾ ಹೇಳಿದೆ. ಆಂವ ಪ್ಲಾಸ್ಟಿಕ್ ಕಪ್ಪಿನ್ಯಾಗ ಕೊಟ್ಟ. ಬಾಜೂಕ ಒಬ್ಬ ಧೋತರದ ಗೌಡ ನಿಂತಿದ್ದ. ಅವಗೂ ಅದ ಕಪ್ಪು, ನನಗೂ ಅದ ಕಪ್ಪು. ಕುಡದು ಇಬ್ರೂ ಒಂದ ಬುಟ್ಟಿಗಿ ಒಗದ್ವಿ. ನಾ ಇನ್ನೊಂದ ಕಪ್ಪು ಹೇಳಿದೆ. ಚಾ ಬೇಕಾಗಿರಲಿಲ್ಲ. ಸುಮ್ನ ಹೇಳಿದೆ."

ಅವನು ನಕ್ಕ. ನಗುವಿನಲ್ಲಿ ಕಹಿ ಇರಲಿಲ್ಲ.

"ನಿಮ್ಮ ಮದವ್ಯಾಗ ಆಫೀಸಿನವರು, ಓಣಿಯವರು, ದೊಡ್ಡೋರು ಎಲ್ಲಾರೂ ಬಂದು ಉಂಡ್ರು. ಯಾಕ ಉಂಡ್ರು? ತಾಟ ಪಾಕೀಟಿನಿಂದ ಬಿಚ್ಚಿದ್ದು. ಯಾರ ಮನೀದೂ ಅಲ್ಲ. ನನಗದು ಗೊತ್ತಿತ್ತು. ಗೊತ್ತಿದ್ರೂ ಖುಷಿ ಆತು. ಸುನೀಲ ಈ ಅಂಗಡಿ ಇಡತೇನಿ ಅಂದಾಗ ನನ್ನ ರೊಕ್ಕ ತಗದ ಕೊಟ್ಟೆ. ಈಗ ಸ್ಟೀಲ್ ತಾಟ ಇಟ್ರಿ ಅಂದ್ರ, ಒಬ್ರು ನಮಗ ಉಪಾಸ ಅಂತಾರ, ಒಬ್ರು ಮನ್ಯಾಗ ಉಂಡ ಬಂದೇವಿ ಅಂತಾರ. ಮೊಮ್ಮಗಳ ತೊಟ್ಟಲದ ದಿನ ನನಗದು ನೋಡೂದು ಬ್ಯಾಡವ್ವ."

ಜನ ಎಸೆಯುವ ತಾಟು ಹಿಡಿಯುವುದು ಸೋಮಾರಿತನಕ್ಕೆ, ಬುದ್ಧಿಯಿಲ್ಲದ್ದಕ್ಕೆ ಎಂದು ದಾನೇಶ್ವರಿ ಇಷ್ಟು ದಿನ ತಿಳಿದಿದ್ದಳು. ತನ್ನ ಮನೆಯಲ್ಲೇ ಅದಕ್ಕೆ ಇಂಥದೊಂದು ಕಾರಣ ಇದ್ದೀತೆಂದು ಕನಸಿನಲ್ಲೂ ನೆನೆದಿರಲಿಲ್ಲ. ಬೇರೆ ಗ್ಲಾಸಿನ ಈ ಕಥೆಯಲ್ಲಿ ಆಕೆಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಆಕೆಯ ತವರಿನಲ್ಲೂ ಇಂಥ ಅಜ್ಜಂದಿರಿದ್ದರು. ಆದರೂ ಆ ಗ್ಲಾಸನ್ನೂ ಈ ತಾಟನ್ನೂ ಕೂಡಿಸಿ ನೋಡಿರಲಿಲ್ಲ.

"ಆತ್ರಿ ಮಾವಾ. ನೀವು ಅಂದಂಗ ಆಗ್ಲಿ," ಎಂದಳು.

ಮಧ್ಯಾಹ್ನ ಗಂಡನಿಗೆ, "ನಿಮ್ಮ ತಾಟ ತರ್ರಿ," ಎಂದಾಗ ಸುನೀಲ ಆಕೆಯ ಮುಖವನ್ನೇ ನೋಡಿದ. "ನಾ ಗೆದ್ದೆ ಅಂತ ಗೊತ್ತಾತು. ಹ್ಯಾಂಗ ಗೆದ್ದೆ ಗೊತ್ತಾಗಲಿಲ್ಲ."

ಆಕೆ ಮಾವ ಹೇಳಿದ್ದನ್ನೆಲ್ಲ ಹೇಳಿದಳು. ಅಂಗಡಿಗೆ ಅಪ್ಪ ದುಡ್ಡು ಕೊಟ್ಟದ್ದು ಸುನೀಲನಿಗೆ ಗೊತ್ತಿತ್ತು, ಯಾಕೆ ಕೊಟ್ಟದ್ದು ಎಂಬುದು ಗೊತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಸೀತವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದವಳೇ ನೇರ ಮಾಳಿಗೆ ಹತ್ತಿದಳು.

"ಏನ್ರಿ, ಮಂದಿ ಉಣ್ಣಂಗಿಲ್ಲಂತ ನಮ್ಮ ತಾಟ ನಾವ ಮುಚ್ಚಿಡೂದೇನು?"

"ನಿನಗ ತಿಕ್ಕೂದು ಬ್ಯಾಡಾಗಿತ್ತಲ್ಲ," ಎಂದ ರಾವಸಾಬ.

"ತಿಕ್ಕೂದು ಬ್ಯಾಡ ಅಂದೆ. ಅಂಜೂದು ಬೇಕು ಅಂದೇನೇನು? ಉಣ್ಣಾವ್ರು ಉಣ್ಣಲಿ. ಒಲ್ಲೆ ಅಂದಾವ್ರ ಹೊಟ್ಟಿ ಹಸಿತೈತಿ, ನಂದಲ್ಲ. ನನ್ನ ಮೊಮ್ಮಗಳ ಹೋಳಿಗಿ ತುಪ್ಪ ಹಾಳಿ ತಾಟಿನಾಗ ಸೋರಿ ಮಂದಿ ಸೀರಿಮ್ಯಾಗ ಬೀಳೂದು ನನಗ ಬ್ಯಾಡ. ಸ್ಟೀಲ್ ತಾಟ ಅಂದ್ರ ಸ್ಟೀಲ್ ತಾಟ."

"ನಿನಗ ತಿಳಿಯಂಗಿಲ್ಲ."

"ನಾನೂ ಅದ ಊರಾಗ ಬಾಳೇ ಮಾಡೇನಿ," ಎಂದು ಸೀತವ್ವ ಇಳಿದು ಬಂದಳು.

ಎರಡು ದಿನ ಗಂಡಹೆಂಡತಿಗೆ ಮಾತಿಲ್ಲ. ಹೇಳಬೇಕಾದದ್ದನ್ನು ಸೀತವ್ವ ಕೂಸಿಗೆ ಹೇಳುತ್ತಿದ್ದಳು. "ನಿಮ್ಮಜ್ಜಗ ಹೇಳವಾ, ಚಾ ಆರಾಕತ್ತೈತಿ ಅಂತ." ರಾವಸಾಬನೂ ಕೂಸಿನ ಕಡೆ ಬಗ್ಗಿ, "ನಿಮ್ಮಜ್ಜಿಗಿ ಹೇಳವಾ, ಸಕ್ಕರಿ ಕಮ್ಮಿ ಆಗೇತಿ ಅಂತ," ಎನ್ನುತ್ತಿದ್ದ. ಕೂಸು ಇಬ್ಬರಿಗೂ ಬೊಚ್ಚು ಬಾಯಿ ತೆರೆದು ನಗುತ್ತಿತ್ತು. ಮೂರನೆಯ ದಿನ ಆ ನಗುವಿಗೇ ಅಜ್ಜ ಸೋತ.

"ಮಾಡ್ರಿ," ಎಂದ. "ಆದ್ರ ನಾ ಪಂಕ್ತಿ ಕಡೆ ಬರಂಗಿಲ್ಲ. ಬಾಗಲದಾಗ ನಿಂತು ಮಂದೀನ ಬರಮಾಡಿಕೋತೇನಿ. ಯಾರ ಉಂಡ್ರು, ಯಾರ ಬಿಟ್ರು, ನನಗ ಹೇಳಬ್ಯಾಡ್ರಿ."

ಈಗ ತಾಟು ಎಲ್ಲಿಂದ ತರುವುದು ಎಂಬ ಮಾತು ಬಂತು. ಹಳೆಯ ಪೇಟೆಯಲ್ಲಿ ರಸೂಲಸಾಬನ ಬಾಡಿಗೆ ಭಾಂಡೆಯ ಅಂಗಡಿ ಇತ್ತು. ಒಂದು ಕಾಲಕ್ಕೆ ಅವನ ತಾಟಿಲ್ಲದೆ ಸಿಂದಗಿಯಲ್ಲಿ ಮದುವೆಯೇ ಆಗುತ್ತಿರಲಿಲ್ಲ. ಸುನೀಲ ಅಂಗಡಿ ತೆರೆದ ಮೇಲೆ ಅವನ ವ್ಯಾಪಾರ ಕುಸಿದು, ಈಗ ದೊಡ್ಡ ಹಂಡೆ, ಕಡಾಯಿಗಳಷ್ಟೇ ಬಾಡಿಗೆಗೆ ಹೋಗುತ್ತಿದ್ದವು. ಸುನೀಲ ಹೋಗಲು ಹಿಂಜರಿದ. ದಾನೇಶ್ವರಿ ಅವನನ್ನು ಎಳೆದುಕೊಂಡೇ ಹೋದಳು.

"ಮುನ್ನೂರೈವತ್ತು ತಾಟ ಬೇಕಾಗಿತ್ರಿ ಕಾಕಾ," ಎಂದಳು.

ರಸೂಲಸಾಬ ಕನ್ನಡಕ ಏರಿಸಿಕೊಂಡ. "ಯಾರ ಮನಿಗವ್ವ?"

"ನಮ್ಮ ಮನಿಗ್ರಿ," ಎಂದ ಸುನೀಲ, ನೆಲ ನೋಡುತ್ತ.

ಮುದುಕ ಗುರುತು ಹಿಡಿದ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಭುಜ ಕುಲುಕಿದವು, ಕೊನೆಗೆ ಕಣ್ಣಲ್ಲಿ ನೀರೇ ಬಂತು. "ನೀ? ನೀ ನನ್ನ ಕಡೆ ತಾಟ ಕೇಳಾಕ ಬಂದೀ? ಇವತ್ತ ಮುಂಜಾನಿ ಯಾರ ಮುಖ ನೋಡಿ ಎದ್ದೆ ನಾ?"

"ನಗಬ್ಯಾಡ್ರಿ ಕಾಕಾ."

"ನಗೂದು ಬ್ಯಾಡ ಅಂದ್ರ ಹ್ಯಾಂಗಪಾ? ಹತ್ತು ವರ್ಷ ಆತು, ನಿನ್ನ ಹೆಸರ ತಗೊಂಡು ಬೈದದ್ದು ಎಷ್ಟೊ ಏನೊ." ಕಣ್ಣು ಒರೆಸಿಕೊಂಡು ಅಟ್ಟಕ್ಕೆ ಏಣಿ ಹಾಕಿಸಿದ. ಗೋಣಿಚೀಲಗಳಲ್ಲಿ ಕಟ್ಟಿಟ್ಟ ತಾಟುಗಳು ಧೂಳು ಹಿಡಿದು ಕೂತಿದ್ದವು. ಒಂದನ್ನು ತನ್ನ ಲುಂಗಿಯ ಅಂಚಿನಿಂದ ಒರೆಸಿ ಬೆಳಕಿಗೆ ಹಿಡಿದ. "ಗಟ್ಟಿ ಮಾಲು. ಒಂದೂ ತಗ್ಗ ಬಿದ್ದಿಲ್ಲ. ಬಾಡಿಗಿ ಅರ್ಧ ಕೊಡ್ರಿ. ಇನ್ನರ್ಧ ನಕ್ಕದ್ದರಾಗ ಹೋತು."

ನೀರಿನ ಚಿಂತೆ ಬಗೆಹರಿಸಿದವನು ರಾವಸಾಬನೇ. ಪಂಕ್ತಿಯ ಕಡೆ ಬರುವುದಿಲ್ಲ ಎಂದವನು, ನೀರಿನ ಮಾತು ಬಂದಾಗ ಸುಮ್ಮನಿರಲಾರದೆ ಹೋದ. ಹಿತ್ತಲಿನಲ್ಲಿ ಮೂರು ದೊಡ್ಡ ತಗಡಿನ ಬುಟ್ಟಿ ಸಾಲಾಗಿ ಇಡಿಸಿದ. ಮೊದಲನೆಯದರಲ್ಲಿ ಎಂಜಲು ಜಾಲಿಸುವ ನೀರು, ಎರಡನೆಯದರಲ್ಲಿ ಬೂದಿ ಮತ್ತು ಲಿಂಬೆಸಿಪ್ಪೆ ಹಾಕಿದ ನೀರು, ಮೂರನೆಯದರಲ್ಲಿ ಬಿಸಿನೀರು. ಲಿಂಬೆಗೆ ಬರವಿರಲಿಲ್ಲ, ಇಂಡಿಯ ಬೀಗರ ತೋಟವೇ ಲಿಂಬೆಯದು, ಅವರು ಒಂದು ಮೂಟೆ ಮೊದಲೇ ಕಳಿಸಿದ್ದರು. ಕೊಳೆನೀರು ಹರಿದು ಹಿತ್ತಲಿನ ನುಗ್ಗೆ, ಬಾಳೆಗೆ ಹೋಗುವಂತೆ ರಾವಸಾಬ ಸಣ್ಣದೊಂದು ಕಾಲುವೆಯನ್ನೂ ತೋಡಿದ. ಅದಕ್ಕೊಂದು ಹಲಗೆಯ ಬಾಗಿಲು ಕೂಡ ಇಟ್ಟ.

"ಇಲ್ಲೂ ಗೇಟ್ ಇಟ್ರ್ಯಾ ಮಾವಾ?" ಎಂದು ದಾನೇಶ್ವರಿ ನಕ್ಕಳು.

"ನೀರ ಹೇಳಿದಂಗ ಕೇಳಬೇಕಂದ್ರ ಗೇಟ್ ಬೇಕವ್ವ," ಎಂದ.

ಇನ್ನು ತಿಕ್ಕುವುದು. ಸಾಲೆಯಲ್ಲಿ ಬಿಸಿಯೂಟವಾದ ಮೇಲೆ ಮಕ್ಕಳು ತಮ್ಮ ತಮ್ಮ ತಾಟು ತಾವೇ ತೊಳೆಯುತ್ತಾರೆ, ಇಲ್ಲಿಯೂ ಹಾಗೇ ಆಗಲಿ ಎಂದಳು ದಾನೇಶ್ವರಿ. ಬೀಗರ ಕೈಯಿಂದ ತಾಟು ತೊಳೆಸುವುದೇ ಎಂದು ಸುನೀಲ ತಲೆ ಹಿಡಿದುಕೊಂಡ. "ಒಂದನೇ ಬುಟ್ಟಿಗಿ ಅವರು ಅದ್ದಲಿ, ಮುಂದಿಂದು ನೀ ತಿಕ್ಕು," ಎಂದು ಸೀತವ್ವ ತೀರ್ಪು ಕೊಟ್ಟಳು. "ಒಬ್ಬನ ಆಗಂಗಿಲ್ಲಂದ್ರ ನಿನ್ನ ಗೆಳ್ಯಾರನ್ನ ಕರಿ."

ತೊಟ್ಟಿಲ ಕಾರ್ಯದ ಭಾನುವಾರ ಮುಂಜಾನೆ ಪಡಸಾಲೆಯಲ್ಲಿ ಬುದ್ಧನ, ಬಾಬಾಸಾಹೇಬರ ಫೋಟೋಗಳಿಗೆ ಹೂ ಏರಿಸಿ, ಎಲ್ಲರೂ ನಿಂತು ವಂದನೆ ಹೇಳಿದರು. ತೊಟ್ಟಿಲು ತೂಗಿ, ಕೂಸಿನ ಕಿವಿಯಲ್ಲಿ ಸೋದರಮಾವ ಸುನೀಲ 'ಸುಜಾತಾ' ಎಂದು ಮೂರು ಸಲ ಕರೆದ. ಕೂಸು ಅವನ ಮೂಗು ಹಿಡಿಯಿತು. ಹೋಳಿಗೆಯ ಹೂರಣದ ವಾಸನೆ ಓಣಿಯ ತುದಿಯವರೆಗೆ ಹಬ್ಬಿತ್ತು.

ಇಂಡಿಯ ಬೀಗರು ಮೊದಲ ಪಂಕ್ತಿಗೆ ಕೂತರು. ಓಣಿಯವರೂ ಕೂತರು. ದಾನೇಶ್ವರಿ ತುಪ್ಪದ ತಂಬಿಗೆ ಹಿಡಿದು ಓಡಾಡುತ್ತಿದ್ದರೂ ಕಣ್ಣು ಬಾಗಿಲ ಕಡೆಗೇ ಇತ್ತು. ಅಲ್ಲಿ ರಾವಸಾಬ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಂದವರಿಗೆಲ್ಲ ಕೈಮುಗಿಯುತ್ತಿದ್ದ.

ಸುನೀಲನ ಅಂಗಡಿಯ ಪಕ್ಕದ ಕಿರಾಣಿಯ ಮಡಿವಾಳಪ್ಪ ಬಂದ. ಕೂಸಿನ ಕೈಗೆ ನೋಟು ಇಟ್ಟ, ಪಂಕ್ತಿಯ ಕಡೆ ಒಮ್ಮೆ ನೋಡಿದ, ಹೊಳೆಯುವ ತಾಟುಗಳನ್ನೂ ನೋಡಿದ. "ಬರ್ತೇನ್ರಿ ರಾವಸಾಬರ. ಇವತ್ತ ಉಪಾಸ ಐತಿ," ಎಂದ.

ದಾನೇಶ್ವರಿ ತಟ್ಟನೆ ತಿರುಗಿ ನೋಡಿದಳು. ಮಾವನ ಮುಖ ಬಾಗಿಲ ಕಡೆಗಿತ್ತು, ಕಾಣಲಿಲ್ಲ. ಆದರೆ ಸೀತವ್ವ ಎಲ್ಲಿದ್ದಳೋ, ಹೋಳಿಗೆ, ಬಾಳೆಹಣ್ಣಿನ ಬುಟ್ಟಿ ಹಿಡಿದೇ ಬಂದಳು.

"ಐತವಾರ ಯಾವ ದೇವರ ಉಪಾಸರೀ ಮಡಿವಾಳಪ್ಪ?"

"ದೇವರದಲ್ರಿ... ಡಾಕ್ಟರ ಹೇಳ್ಯಾರ."

"ಡಾಕ್ಟರ್ ಹಣ್ಣ ಬ್ಯಾಡಂದಿಲ್ಲಲ್ಲ," ಎಂದು ಸೀತವ್ವ ಅವನ ಎರಡೂ ಕೈಗೆ ನಾಲ್ಕು ಬಾಳೆಹಣ್ಣು ತುಂಬಿದಳು. ಮಡಿವಾಳಪ್ಪ ಒಂದನ್ನು ಅಲ್ಲಿಯೇ ಸುಲಿದು ತಿಂದು, ಸಿಪ್ಪೆ ಎಲ್ಲಿ ಹಾಕಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡು ಹೋದ.

ಅಷ್ಟರಲ್ಲಿ ದಾನೇಶ್ವರಿಯ ಸಾಲೆಯ ಹೆಡ್ ಮಾಸ್ತರ ಶಂಕ್ರೆಪ್ಪ ಬಂದರು. ಹಣೆಗೆ ವಿಭೂತಿ, ಕೈಯಲ್ಲಿ ಕೂಸಿನ ಅಂಗಿ. ರಾವಸಾಬ ಅವರಿಗೂ ಕೈಮುಗಿದು, "ಬರ್ರಿ. ಊಟ... ನಿಮಗ ಅನುಕೂಲ ಇದ್ರ..." ಎಂದು ಮಾತನ್ನು ಅರ್ಧಕ್ಕೇ ಬಿಟ್ಟ.

"ಅನುಕೂಲ ಏನ್ರಿ? ಹೋಳಿಗಿ ಅಂತ ನಿನ್ನಿನ ಟೀಚರ್ ಹೇಳ್ಯಾರ. ಮುಂಜಾನಿ ನಾಷ್ಟಾನೂ ಮಾಡಿಲ್ಲ ನಾ," ಎಂದರು ಶಂಕ್ರೆಪ್ಪ. "ನೀವು ಉಂಡ್ರೇನು?"

"ನಂದು ಆಮ್ಯಾಲ್ರಿ."

"ಆಮ್ಯಾಲ ಅಂದ್ರ ಯಾವಾಗ? ಹೋಳಿಗಿ ಖಾಲಿ ಆದ ಮ್ಯಾಲೇನು? ಬರ್ರಿ, ಇಬ್ರೂ ಕೂಡೂಣು." ಅವರು ರಾವಸಾಬನ ರಟ್ಟೆ ಹಿಡಿದು ಒಳಗೆ ಕರೆದೊಯ್ದು, ಚಾಪೆಯ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡರು. ದಾನೇಶ್ವರಿ ಇಬ್ಬರ ತಾಟಿಗೂ ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ತುಪ್ಪ ಹೆಚ್ಚೇ ಬಿತ್ತು. ಯಾರೂ ಬೇಡ ಎನ್ನಲಿಲ್ಲ.

ಶಂಕ್ರೆಪ್ಪ ಮೂರು ಹೋಳಿಗೆ ಉಂಡರು. ನಾಲ್ಕನೆಯದನ್ನು ಬೇಡ ಬೇಡ ಎನ್ನುತ್ತಲೇ ತಾಟನ್ನು ಮುಂದೆ ಚಾಚಿದರು. ರಾವಸಾಬ ಮೊದಲು ತುತ್ತು ತುತ್ತಾಗಿ ಉಂಡ, ಆಮೇಲೆ ಕಟ್ಟಿನ ಸಾರು ಸುರುವಿಸಿಕೊಂಡು ಅನ್ನ ಕಲಸಿ ಗಟ್ಟಿಯಾಗಿಯೇ ಉಂಡ. ಊಟ ಮುಗಿದಾಗ ಅವನು ರೂಢಿಯಂತೆ ಮಾಸ್ತರರ ತಾಟಿಗೂ ಕೈ ಚಾಚಿದ.

ಶಂಕ್ರೆಪ್ಪ ತಾಟನ್ನು ಹಿಂದೆ ಎಳೆದುಕೊಂಡರು. "ಬ್ಯಾಡ್ರಿ. ತಮ್ಮ ತಾಟ ತಾವ ತೊಳೀರಿ ಅಂತ ಹುಡಗೋರಿಗಿ ದಿನಾ ಬೈಯಾಂವ ನಾ. ಇವತ್ತ ತೊಳೀದಿದ್ರ ಈ ಟೀಚರ್ ನಾಳಿ ಪ್ರಾರ್ಥನಾದಾಗ ಹೇಳತಾರ."

ಹಿತ್ತಲಿನಲ್ಲಿ ಸಾಲು ನಿಂತಿತ್ತು. ಬೀಗರು, ಓಣಿಯವರು, ಆಫೀಸಿನ ಹಳೆಯ ಗೆಳೆಯರು, ಎಲ್ಲರ ಕೈಯಲ್ಲೂ ತಂತಮ್ಮ ತಾಟು. ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ ಸುನೀಲ ಮೊಣಕೈವರೆಗೆ ಬೂದಿ ಮಾಡಿಕೊಂಡು ತಿಕ್ಕುತ್ತಿದ್ದ. ಊರಿಗೆಲ್ಲ ಎಸೆಯುವ ತಾಟು ಮಾರುವವನು ತಾಟು ತಿಕ್ಕುವುದನ್ನು ನೋಡಲೆಂದೇ ಕೆಲವರು ಎರಡನೆಯ ಸಲ ಬಂದು ಹೋದರು. ಅವರ ಮಾತಿಗೆಲ್ಲ ಅವನು, "ನೋಡಿ ಹೋಗೂದಲ್ಲ, ಒಂದ ನಾಕ ತಿಕ್ಕಿ ಹೋಗ್ರಿ," ಎನ್ನುತ್ತಿದ್ದ. ರಾವಸಾಬ ಮಾಸ್ತರರ ಹಿಂದೆ ಸಾಲಿನಲ್ಲಿ ನಿಂತ. ತನ್ನ ಮುಂದೆ ಇಷ್ಟು ಮಂದಿ ತಾಟು ಹಿಡಿದು ಬಗ್ಗುವುದನ್ನು ಅವನು ನೋಡುತ್ತ ನಿಂತದ್ದನ್ನು ದಾನೇಶ್ವರಿ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಸರದಿ ಬಂದಾಗ ಅವನೂ ತಾಟು ಅದ್ದಿದ, ಹೋಗಿ ಹಲಗೆಯ ಬಾಗಿಲು ಎತ್ತಿ ಬಾಳೆಗೆ ನೀರು ಬಿಟ್ಟ.

ಸಂಜೆ ಎಲ್ಲ ಮುಗಿದು ಕೂತಾಗ ಸೀತವ್ವ ಕಾಲು ಚಾಚಿ, "ಆ ಮಡಿವಾಳಪ್ಪಂದು ನೋಡಿದ್ರಿಲ್ಲ?" ಎಂದಳು.

"ಇರಬಹುದು ಬಿಡು," ಎಂದ ರಾವಸಾಬ. "ಖರೇನ ಡಾಕ್ಟರ್ ಹೇಳಿರಬಹುದು." ಆಮೇಲೆ ಅವನಿಗೇ ನಗು ಬಂತು. "ಸಿಪ್ಪಿ ಕಿಸೇದಾಗ ಹಾಕೊಂಡ ಹ್ವಾದ ಪಾಪ."

ಎಲ್ಲರೂ ನಕ್ಕರು. ಆ ದಿನ ಹಿಂದಿನ ಪ್ಲಾಟಿಗೆ ಇವರ ಮನೆಯಿಂದ ಏನೂ ಹೋಗಲಿಲ್ಲ. ಉಡುಗೊರೆಗಳಿಗೆ ಸುತ್ತಿ ತಂದ ಮಿರುಗುವ ಹಾಳೆಗಳು ಮಾತ್ರ ಒಂದು ಮೂಟೆಯಾದವು. ದಾನೇಶ್ವರಿ ಅದನ್ನು ನೋಡಿ ನಿಟ್ಟುಸಿರಿಟ್ಟು, ಎತ್ತಿ ಅಟ್ಟಕ್ಕೆ ಹಾಕಿದಳು.

ಊರು ಇದರಿಂದ ಬದಲಾಯಿತೇ ಎಂದರೆ, ಇಲ್ಲ. ಎರಡೇ ವಾರಕ್ಕೆ ಎದುರು ಮನೆಯಲ್ಲಿ ಕುಬಸವಾಯಿತು. ಅಂದು ಸಾಲಿನಲ್ಲಿ ನಿಂತು ತಾಟು ಅದ್ದಿ, "ಭಾರಿ ಛಲೋ ಮಾಡೀರಿ" ಎಂದು ಹೊಗಳಿದ್ದವರೇ ಸುನೀಲನ ಅಂಗಡಿಯಿಂದ ನಾಲ್ಕು ಕಟ್ಟು ತಾಟು ಒಯ್ದರು. ಮರುದಿನ ಪ್ಲಾಟಿನಲ್ಲಿ ಅವು ಬಿದ್ದಿದ್ದವು. ದಾನೇಶ್ವರಿ ಕಿಟಕಿ ಮುಚ್ಚಿ ರೊಟ್ಟಿ ಬಡಿಯಲು ಕೂತಳು. ರೊಟ್ಟಿ ತೆಳ್ಳಗೆ ಬಂದವು ಎಂದು ಸೀತವ್ವ ಹೇಳಿದರೂ ನಗಲಿಲ್ಲ.

ಸುನೀಲ ಮಾತ್ರ ಹೇಳದೆ ಕೇಳದೆ ಒಂದು ಕೆಲಸ ಮಾಡಿದ್ದ. ರಸೂಲಸಾಬನ ಜೊತೆ ಮಾತಾಡಿ, ಅವನ ತಾಟುಗಳನ್ನು ತನ್ನ ಅಂಗಡಿಯ ಮುಂದುಗಡೆಯೇ ಜೋಡಿಸಿ, ಬಾಡಿಗೆಗೆ ಸಿಗುತ್ತವೆ ಎಂದು ಬೋರ್ಡು ಬರೆಸಿದ. ಬಂದದ್ದರಲ್ಲಿ ಇಬ್ಬರದೂ ಸಮಪಾಲು. ಮೊದಲ ತಿಂಗಳು ಕೇಳಿದವರು ಇಬ್ಬರೇ. ಅದರಲ್ಲಿ ಒಬ್ಬ ಬೆಲೆ ಕೇಳಿ ಹೋದ.

"ಎರಡ ಅಂದ್ರ ಒಂದಾತು," ಎಂದಳು ದಾನೇಶ್ವರಿ.

"ಅಂಗಡಿ ಇಟ್ಟ ಮೊದಲನೇ ತಿಂಗಳು ನನ್ನ ಹಾಳಿ ತಾಟಿಗೂ ಇಬ್ರ ಬಂದಿದ್ರು," ಎಂದ ಸುನೀಲ.

ಮಾರ್ಚ್ ತಿಂಗಳ ಒಂದು ಭಾನುವಾರ, ದಾನೇಶ್ವರಿ ತಲೆಗೆ ಎಣ್ಣೆ ಹಚ್ಚಿಕೊಂಡು ಹಾಯಾಗಿ ಕೂತಿದ್ದಾಗ, ಸುನೀಲ ಮೂರು ಗಾಲಿಯ ಟಂಟಂ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ. ದೇವರ ಹಿಪ್ಪರಗಿಯಲ್ಲಿ ಶಂಕ್ರೆಪ್ಪ ಮಾಸ್ತರರ ತಮ್ಮನ ಹೊಸ ಮನೆಯ ವಾಸ್ತುಶಾಂತಿ ಇತ್ತು. ನಾಲ್ಕುನೂರು ತಾಟು ಬೇಕು, ಆ ಮೂರು ಬುಟ್ಟಿಯ ಏರ್ಪಾಡೂ ಬೇಕು, ಮಾಡಿ ತೋರಿಸಲು ಯಾರಾದರೂ ಬರಬೇಕು ಎಂದು ಅವರು ಫೋನು ಮಾಡಿದ್ದರಂತೆ.

ರಾವಸಾಬ ಆಗಲೇ ಬಿಳಿ ಅಂಗಿ ತೊಟ್ಟು, ಹಲಗೆಯೊಂದನ್ನು ಕಂಕುಳಲ್ಲಿ ಹಿಡಿದು ಟಂಟಂ ಹತ್ತಿ ಕೂತಿದ್ದ.

"ನೀವು ಯಾಕ್ರಿ ಮಾವಾ, ಬಿಸಲಾಗ?"

"ನೀರಿನ ದಾರಿ ಮಾಡಬೇಕಲ್ಲವ್ವ. ಸುನೀಲಗ ಏನ ತಿಳೀತೈತಿ?"

"ನೀನೂ ನಡಿ," ಎಂದಳು ಸೀತವ್ವ, ರೊಟ್ಟಿ ಬುತ್ತಿ ಕಟ್ಟುತ್ತ.

"ನನಗ ವಾರಕ್ಕ ಒಂದ ರಜಾ ಅತ್ತಿ."

"ಮಂದಿ ಕೇಳಂಗಿಲ್ಲ ಕೇಳಂಗಿಲ್ಲ ಅಂತಿದ್ದಿ. ಈಗ ಕೇಳಾಕತ್ತಾರ. ತಲಿಗಿ ಸೆರಗ ಹೊಚಗೊ, ನಡಿ."

ದಾನೇಶ್ವರಿ ಎಣ್ಣೆಯ ಜಡೆಯನ್ನೇ ತುರುಬು ಕಟ್ಟಿ ಹೊರಬಂದಳು. ತಾಟಿನ ಚೀಲಗಳ ಹಿಂದೆ, ಹಳೆಯ ಚಾದರದ ಕೆಳಗೆ, ಕಾಗದದ ಕಪ್ಪಿನ ಎರಡು ಕಟ್ಟು ಕಂಡವು.

"ಇವು ಯಾಕ?"

ಸುನೀಲ ಹ್ಯಾಂಡಲ್ ಹಿಡಿದು ಬೇರೆ ಕಡೆ ನೋಡಿದ. "ಚಾಕ್ಕ ಬೇಕಂದ್ರು. ನಾ ಏನ ಮಾಡ್ಲಿ?"

ಆಕೆ ಒಂದು ಕಟ್ಟನ್ನು ಇಳಿಸಿ ಕಟ್ಟೆಯ ಮೇಲೆ ಇಟ್ಟಳು. ಇನ್ನೊಂದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹತ್ತಿ, ಅದರ ಮೇಲೆಯೇ ಕೂತುಬಿಟ್ಟಳು. ಒಳಗೆ ಏನೋ ಚುರುಚುರು ಎಂದಿತು.

"ಏಳು, ಕಪ್ಪು ಮುರೀತಾವ," ಎಂದ ಸುನೀಲ.

"ಮತ್ತೆಲ್ಲಿ ಕೂಡ್ಲಿ? ಜಾಗಾ ಎಲ್ಲೈತಿ?"

ರಾವಸಾಬ ಹಲಗೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡ. "ಹೊತ್ತಾತು, ಬಿಡಪಾ ಗಾಡಿ," ಎಂದ ಮಗನಿಗೆ. ಟಂಟಂ ಹಿಪ್ಪರಗಿಯ ದಾರಿ ಹಿಡಿಯಿತು. ತಗ್ಗು ಬಂದಾಗಲೆಲ್ಲ ತಾಟುಗಳು ಖಣಖಣ ಎನ್ನುತ್ತಿದ್ದವು.